ಬೋಳು ಬಾಗಿಲು

ತೊಂಬತ್ತರ ದಶಕದಲ್ಲಿ ಕಿಕ್ಕೇರಿಯ ನಮ್ಮ ಬೀದಿಯ ಅಷ್ಟೂ ಬಾಗಿಲುಗಳನ್ನು ಮಾಡಿದ್ದು ಎದುರುಮನೆಯ ಬಡಗಿ. ಆದ್ದರಿಂದ ಅವುಗಳ ಮೇಲೆ ತಮಗೆ ಆಜೀವ ಅಧಿಕಾರವಿದೆಯೆಂದು ಅವರು ಘನಗಂಭೀರವಾಗಿ ನಂಬಿದ್ದರು. ಬೀದಿಯಲ್ಲಿ ಸಾವಾದ ವರ್ಷ, ಯುಗಾದಿಯ ಬೆಳಿಗ್ಗೆ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಮನೆಮನೆಗೂ ಬರುತ್ತಿದ್ದರು.

"ತೋರಣ ಕಟ್ಬ್ಯಾಡ ಕಣ್ಲಾ. ಸಾವಾದ ಮನೆ ಬಾಗ್ಲು ಬೋಳು ನಿಂತದೆ."

"ಯುಗಾದಿ ಅಬ್ಬ ನಮ್ಗಿಲ್ವೇನಣ್ಣ?" ಎಂದರೆ, "ಒಬ್ಬಟ್ಟು ಒಳಗೆ ಕೂತ್ಕಂಡು ತಿನ್ಲಾ, ಯಾರು ಬ್ಯಾಡ ಅಂದೋರು?" ಎನ್ನುತ್ತಿದ್ದರು.

ಒಂದು ವರ್ಷ ಅವರ ಒಬ್ಬಳೇ ಮಗಳು ತೀರಿಕೊಂಡಳು. ಆ ಯುಗಾದಿಗೆ ಬೀದಿಗೆ ಹೇಳಲು ಯಾರೂ ಬರಲಿಲ್ಲ. ನಾವೆಲ್ಲ ಎಂದಿನಂತೆ ಮಾವಿನೆಲೆ ಕಟ್ಟಿದೆವು. ನಾನಿನ್ನೂ ಸ್ಟೂಲಿನ ಮೇಲಿದ್ದಾಗ ಎದುರುಬಾಗಿಲು ತೆರೆಯಿತು. ಅವರು ಬೀದಿಯುದ್ದಕ್ಕೂ ನೋಡಿದರು. ನಾನು ತೋರಣ ಕೀಳಲು ಕೈಯೆತ್ತಿದೆ.

"ಇರ್ಲಿ ಬುಡ್ಲಾ" ಎಂದು, ತಾವೇ ಮಾಡಿದ ಬಾಗಿಲನ್ನು ಒಳಗಿನಿಂದ ಹಾಕಿಕೊಂಡರು.