ಜ್ವರವೆಂದು ಬರೆದ ರಜಾ ಚೀಟಿಗಳು

ನನ್ನ ಅಕ್ಷರ ದುಂಡಗಿತ್ತು. ಆ ಒಂದೇ ಕಾರಣಕ್ಕೆ ಡಿಗ್ರಿ ಓದುವಷ್ಟು ದಿನವೂ ನನ್ನ ಗೆಳತಿಯ ರಜಾ ಚೀಟಿಗಳನ್ನೆಲ್ಲ ನಾನೇ ಬರೆದೆ. ತಿಂಗಳಿಗೊಂದು ಚೀಟಿ. ಪ್ರತಿ ಚೀಟಿಯಲ್ಲೂ ಒಂದೇ ಮಾತು: ಜ್ವರ ಬಂದಿರುವುದರಿಂದ ಮೂರು ದಿನ ತರಗತಿಗೆ ಬರಲಾಗುವುದಿಲ್ಲ. ಸಹಿಯ ಜಾಗದಲ್ಲಿ ಅವಳ ಹೆಸರನ್ನೂ ನಾನೇ ಗೀಚುತ್ತಿದ್ದೆ. ಬಾಟನಿ ಡಿಪಾರ್ಟ್‌ಮೆಂಟಿನ ಗುಮಾಸ್ತರು ಅದನ್ನು ಓದುವ ಗೋಜಿಗೂ ಹೋಗದೆ ಫೈಲಿಗೆ ಸಿಕ್ಕಿಸುತ್ತಿದ್ದರು.

ಅವಳಿಗೆ ಜ್ವರವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ತಿಂಗಳ ಆ ಮೂರು ದಿನ ಅವಳು ಚಾಮರಾಜಪೇಟೆಯ ಮನೆಯ ಹಿತ್ತಲಲ್ಲಿ, ಸೌದೆ ಕೋಣೆಯ ಪಕ್ಕದ ಸಣ್ಣ ರೂಮಿನಲ್ಲಿ, ಒಂದು ಚಾಪೆ ಒಂದು ಚೊಂಬು ಇಟ್ಟುಕೊಂಡು ದೂರ ಕೂತಿರುತ್ತಿದ್ದಳು. ಬಸವನಗುಡಿಯ ನಮ್ಮ ಮನೆಯಲ್ಲೂ ಆ ಪದ್ಧತಿ ಇತ್ತು. ಆದರೆ ನಮ್ಮಪ್ಪ ವಕೀಲರು, ಅಮ್ಮನ ಜೊತೆ ವಾದ ಮಾಡಿ, ಕಾಲೇಜಿಗೆ ಹೋಗಿ ಬಂದು ಆಮೇಲೆ ಬೇಕಾದರೆ ದೂರ ಕೂರಲಿ ಎಂದು ಒಪ್ಪಿಸಿದ್ದರು. ಅವಳ ಪರವಾಗಿ ವಾದಿಸುವವರು ಯಾರೂ ಇರಲಿಲ್ಲ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ದೊಡ್ಡಪ್ಪನ ಮನೆಯಲ್ಲಿ ಬೆಳೆದವಳು. ದೊಡ್ಡಮ್ಮ ಮಹಾ ಮಡಿ. ಅವರ ಕಣ್ಣು ತಪ್ಪಿಸಿ ಆ ಮೂರು ದಿನ ಹೊಸಿಲು ದಾಟುವುದು ಸಾಧ್ಯವೇ ಇರಲಿಲ್ಲ.

ಮೂರು ದಿನ ತಪ್ಪಿದರೂ ನಾಲ್ಕನೆಯ ದಿನ ಬಂದು ನಮ್ಮೆಲ್ಲರನ್ನೂ ಹಿಂದೆ ಹಾಕುತ್ತಿದ್ದಳು. ನಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ಗಿಡದ ಕಾಂಡವನ್ನು ರೇಜರಿನಿಂದ ತೆಳ್ಳಗೆ ಹೆಚ್ಚಿ, ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು. ನಾನು ಹೆಚ್ಚಿದರೆ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಚಪಾತಿ. ಅವಳು ಹೆಚ್ಚಿದ್ದು ಈರುಳ್ಳಿಯ ಒಳಪೊರೆಯ ಹಾಗಿರುತ್ತಿತ್ತು. ನಮ್ಮ ಪ್ರೊಫೆಸರು ಒಂದು ಸಲ ಅದನ್ನು ನೋಡಿ ಬಹಳ ಹೊತ್ತು ಮೈಕ್ರೋಸ್ಕೋಪಿನಿಂದ ತಲೆಯೆತ್ತಲಿಲ್ಲ. ಆಮೇಲೆ ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ತೋರಿಸಿದರು. ಹುಡುಗರ ಮುಖಗಳೆಲ್ಲ ಹುಳಿ ತಿಂದಂತಾಗಿದ್ದವು. ನನಗಂತೂ ಹೆಮ್ಮೆಯೋ ಹೆಮ್ಮೆ, ನಾನೇ ಹೆಚ್ಚಿದವಳ ಹಾಗೆ.

ಡಿಗ್ರಿ ಮುಗಿದ ಬೇಸಗೆಯಲ್ಲಿ ದೊಡ್ಡಪ್ಪ ಇನ್ನು ಓದಿಸುವ ಶಕ್ತಿ ತಮಗಿಲ್ಲ ಎಂದುಬಿಟ್ಟರು. ಅವರು ಕೆಟ್ಟವರಲ್ಲ. ಅವರಿಗೇ ನಾಲ್ಕು ಮಕ್ಕಳು, ಅದರಲ್ಲಿ ಮೂರು ಹೆಣ್ಣು. ಅದೇ ಹೊತ್ತಿಗೆ ಡಿಪಾರ್ಟ್‌ಮೆಂಟಿನ ಬೋರ್ಡಿನಲ್ಲಿ ಒಂದು ನೋಟೀಸು ಬಿತ್ತು. ಎಂ.ಎಸ್ಸಿ.ಗೆ ಸೇರುವ ಒಬ್ಬರನ್ನು ಡೆಮಾನ್ಸ್ಟ್ರೇಟರ್ ಆಗಿ ತೆಗೆದುಕೊಳ್ಳುತ್ತಾರೆ, ಮಧ್ಯಾಹ್ನದ ಹೊತ್ತು ಕೆಳಗಿನ ತರಗತಿಯವರಿಗೆ ಪ್ರಾಕ್ಟಿಕಲ್ ಹೇಳಿಕೊಡಬೇಕು, ಅದಕ್ಕೆ ಫೀಜು ಮಾಫಿ, ಮೇಲೆ ತಿಂಗಳ ಸಂಬಳ. ದೊಡ್ಡಪ್ಪ ಅದನ್ನು ಕೇಳಿ ಒಂದೇ ಮಾತು ಹೇಳಿದರಂತೆ. ಕೆಲಸ ಸಿಕ್ಕರೆ ಓದು, ನಾನು ಅಡ್ಡ ಬರುವುದಿಲ್ಲ. ಸಿಗದಿದ್ದರೆ ಶ್ರಾವಣದಲ್ಲಿ ಮದುವೆ, ಆಗ ನೀನು ಅಡ್ಡ ಬರಬಾರದು. ಅವಳು ಕುಣಿದಾಡುತ್ತ ಬಂದು ನನಗೆ ಹೇಳಿದಳು. ಸಿಗದೆ ಏನು, ಅವಳಿಗಲ್ಲದೆ ಇನ್ಯಾರಿಗೆ ಕೊಡುತ್ತಾರೆ ಎಂದು ನಾನೂ ಕುಣಿದೆ. ಒಬ್ಬಳೇ ಇಂಟರ್‌ವ್ಯೂಗೆ ಹೋಗಲು ಹೆದರಿಕೆ ಎಂದು ನನ್ನ ಕೈಯಲ್ಲೂ ಅರ್ಜಿ ಹಾಕಿಸಿದಳು. ನನಗೇನು, ಅಪ್ಪ ಫೀಜು ಕಟ್ಟುತ್ತಿದ್ದರು. ನಾನು ಹಾಕಿದ್ದು ಜೊತೆಗೆ ಇರಲಿ ಅಂತ.

ಇಂಟರ್‌ವ್ಯೂ ಗುರುವಾರ ಬೆಳಿಗ್ಗೆ. ಬುಧವಾರ ಸಂಜೆ, ನಾಳೆ ಯಾವ ಸೀರೆ ಉಡುವುದು ಎಂದು ಮಾತಾಡಲು ಅವಳ ಮನೆಗೆ ಹೋದೆ. ದೊಡ್ಡಮ್ಮ ಬಾಗಿಲಲ್ಲೇ, ಅವಳು ದೂರ ಇದ್ದಾಳೆ, ಹಿಂದುಗಡೆಯಿಂದ ಹೋಗು ಎಂದರು. ಮನೆಯನ್ನು ಸುತ್ತಿ ಹಿಂದಿನ ಗಲ್ಲಿಗೆ ಹೋದೆ. ಅವಳು ಹಿತ್ತಲ ಗೋಡೆಯ ಆಚೆ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ನಾಲ್ಕು ದಿನ ಮುಂಚೆ ಬಂದ್ಬಿಡ್ತು ಕಣೇ. ಲೆಕ್ಕ ಹಾಕಿದ್ದೆ, ಭಾನುವಾರಕ್ಕೆ ಮುಂಚೆ ಇಲ್ಲ ಅಂದ್ಕೊಂಡಿದ್ದೆ."

ಗೋಡೆ ಹಾರಿ ಬಾ, ಬೆಳಿಗ್ಗೆ ಕರಕೊಂಡು ಹೋಗಿ ಮಧ್ಯಾಹ್ನಕ್ಕೆ ತಂದು ಬಿಡುತ್ತೇನೆ ಎಂದೆ. ಅವಳು ತಲೆಯಾಡಿಸಿದಳು. ದೊಡ್ಡಮ್ಮ ಗಂಟೆಗೊಂದು ಸಲ ಬಂದು ನೋಡುತ್ತಾರೆ, ಕದ್ದು ಹೋದದ್ದು ತಿಳಿದರೆ ಕೆಲಸ ಸಿಕ್ಕರೂ ಓದು ನಿಲ್ಲಿಸುತ್ತಾರೆ ಎಂದಳು. ಆಮೇಲೆ ಗೋಡೆಗೆ ಹತ್ತಿರ ಬಂದಳು.

"ಪ್ರೊಫೆಸರಿಗೆ ಹೇಳಿ ಸೋಮವಾರಕ್ಕೆ ಹಾಕ್ಸು. ಆದ್ರೆ ಜ್ವರ ಅನ್ಬೇಡ ಈ ಸಲ. ತಿಂಗಳು ತಿಂಗಳೂ ಜ್ವರ ಅಂತ ಬರ್ದಿದೀವಿ, ಇವಳು ರೋಗಿಷ್ಠೆ ಅಂದ್ಕೊಳ್ತಾರೆ. ಹೇಗಾದ್ರೂ ಮಾಡಿ ನಿಜ ಹೇಳ್ಬಿಡೇ."

ಅಷ್ಟೇ ತಾನೇ, ಹೇಳ್ತೀನಿ ಬಿಡು ಎಂದೆ. ಹೇಳುವುದಕ್ಕೇನು ಕಷ್ಟ ಎಂಬಂತೆ ನಗುತ್ತ ಬೇರೆ ಹೇಳಿದೆ.

ಬೆಳಿಗ್ಗೆ ಬಸ್ಸಿನಲ್ಲಿ ಕೂತ ಮೇಲೆ ಕಷ್ಟ ಏನೆಂದು ತಿಳಿಯಿತು. ಏನಂತ ಹೇಳುವುದು? ಪ್ರೊಫೆಸರ ಜೊತೆ ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಇದನ್ನು ಹೇಳಲು ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಒಂದು ಮಾತೂ ಇರಲಿಲ್ಲ. ಕನ್ನಡದಲ್ಲಿ ಮಾತುಗಳಿದ್ದವು, ಆದರೆ ಅವು ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು ಹೆಂಗಸರಿಗೆ ಪಿಸುಗುಟ್ಟುವಂಥವು. ನಮ್ಮಪ್ಪನ ಮುಂದೆ ಕೂಡ ನಾನು ಆ ಮಾತು ಎತ್ತಿದವಳಲ್ಲ. ಬಸ್ಸು ಉಪ್ಪಾರಪೇಟೆ ದಾಟುವಷ್ಟರಲ್ಲಿ ಒಂದು ವಾಕ್ಯ ಹೊಂದಿಸಿಕೊಂಡೆ: ಅವಳು ಮೂರು ದಿನ ಮನೆಯಿಂದ ಹೊರಗೆ ಬರುವ ಹಾಗಿಲ್ಲ ಸಾರ್. ಇದು ಸಾಕು, ತಿಳಿಯುವವರಿಗೆ ತಿಳಿಯುತ್ತದೆ ಎಂದುಕೊಂಡೆ. ಇಳಿಯುವವರೆಗೂ ಅದನ್ನೇ ಬಾಯಿಪಾಠ ಮಾಡಿದೆ.

ರೂಮಿನಲ್ಲಿ ಪ್ರೊಫೆಸರು ಒಬ್ಬರೇ ಇರುತ್ತಾರೆಂದು ತಿಳಿದಿದ್ದೆ. ಇನ್ನಿಬ್ಬರು ಲೆಕ್ಚರರುಗಳೂ ಕೂತಿದ್ದರು. ಗುಮಾಸ್ತರು ಫೈಲು ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ನಾಲ್ಕು ಜನ ಗಂಡಸರು. ಪ್ರೊಫೆಸರು ಅವಳೆಲ್ಲಿ ಎಂದು ಕೇಳಿದರು. ನಾನು ಬಾಯಿ ತೆರೆದೆ. ಬಾಯಿಪಾಠ ಮಾಡಿದ ವಾಕ್ಯ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಜ್ವರ ಸಾರ್, ಎಂದೆ.

ಲೆಕ್ಚರರೊಬ್ಬರು ಫೈಲು ತೆಗೆದು ಚೀಟಿಗಳನ್ನು ಮಗುಚಿದರು. ಎಲ್ಲ ನನ್ನ ದುಂಡನೆಯ ಅಕ್ಷರ. ಪ್ರತಿ ತಿಂಗಳೂ ಜ್ವರ ಬೀಳುವ ಹುಡುಗಿ, ನಿಂತುಕೊಂಡು ಪ್ರಾಕ್ಟಿಕಲ್ ಮಾಡಿಸುವುದೆಂದರೆ ಆಡಿದ ಹಾಗಲ್ಲ, ಪಾಪ, ದೇಹ ತಡೆಯುವುದಿಲ್ಲ ಎಂದರು. ಪಾಪ ಎಂದು ನಿಜವಾಗಿ ಮರುಗಿಯೇ ಹೇಳಿದರು. ಪ್ರೊಫೆಸರು ಮಾತ್ರ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಎಂದೂ ಇಲ್ಲದೆ ಆವತ್ತು ಕನ್ನಡದಲ್ಲಿ ಕೇಳಿದರು.

"ಜ್ವರಾನೇನಮ್ಮ?"

ಹೌದು ಸಾರ್ ಎಂದೆ.

"ಸರಿಯಾಗಿ ಹೇಳು. ಜ್ವರಾನೇ ತಾನೇ?"

ಸುಳ್ಳು ಹಿಡಿದುಬಿಟ್ಟರು, ಬೈಯುತ್ತಾರೆ ಎಂದುಕೊಂಡೆ. ಹೌದು ಸಾರ್, ತುಂಬ ಜ್ವರ, ಎಂದೆ. ತುಂಬ ಎನ್ನುವ ಮಾತನ್ನು ನನ್ನ ಕೈಯಿಂದಲೇ ಸೇರಿಸಿದೆ.

ಅವರು ಕನ್ನಡಕ ಹಾಕಿಕೊಂಡರು. ನಾಳೆಯೊಳಗೆ ಹೆಸರು ಕಳಿಸಬೇಕು, ನೀನು ಮಾಡುತ್ತೀಯಾ ಎಂದು ನನ್ನನ್ನು ಕೇಳಿದರು. ಆಗಲಿ ಸಾರ್, ಎಂದೆ. ಆ ಎರಡು ಮಾತು ಎಷ್ಟು ಸಲೀಸಾಗಿ ಬಂದವು ನೋಡಿ. ನಾಚಿಕೆ ಬಾಯಿ ಕಟ್ಟಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾಚಿಕೆಯಾಗಿದ್ದರೆ ಆಗಲೂ ಕಟ್ಟಬೇಕಿತ್ತಲ್ಲ. ನನ್ನ ಕೈಗೂ ಸಂಬಳ ಬರುತ್ತದೆ, ಅಪ್ಪನ ಎದುರು ತಲೆಯೆತ್ತಿ ನಿಲ್ಲಬಹುದು ಎಂಬ ಆಸೆ ಆ ಕ್ಷಣ ಮನಸ್ಸಿನಲ್ಲಿ ಸುಳಿದದ್ದು ನಿಜ. ಸುಳ್ಳು ಬರೆದದ್ದು ಸಾಕು, ಇದನ್ನಾದರೂ ಸರಿಯಾಗಿ ಬರೆಯುತ್ತೇನೆ.

ಆ ಸಂಜೆ ಹಿಂದಿನ ಗಲ್ಲಿಗೆ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಅವಳು ಎರಡು ಸಂಜೆಯೂ ಕತ್ತಲಾಗುವವರೆಗೆ ಗೋಡೆ ಹತ್ತಿರ ಕಾದಿದ್ದಳೆಂದು ಆಮೇಲೆ ತಿಳಿಯಿತು. ಶನಿವಾರ, ತಲೆಗೆ ನೀರು ಹಾಕಿಕೊಂಡು, ಒದ್ದೆ ಜಡೆಯಲ್ಲೇ ಅವಳೇ ನಮ್ಮ ಮನೆಗೆ ಬಂದಳು. ಏನಂದೆ ಎಂದು ಕೇಳಿದಳು. ಜ್ವರ ಅಂದೆ, ಎಂದೆ. ಕೆಲಸ ನನಗೆ ಆಯಿತು, ಎಂದೆ. ಅವರು ಎರಡು ಸಲ ಕೇಳಿದ್ದನ್ನು ಹೇಳಲಿಲ್ಲ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಒಂದೆರಡು ಏಟು ಹಾಕಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ನಮ್ಮ ವರಾಂಡದ ಬೆಂಚಿನ ಮೇಲೆ ಕೂತು, ಸೆರಗಿನ ಅಂಚು ಸುತ್ತುತ್ತ ಹೇಳಿದಳು.

"ಗಂಡಸರ ಮುಂದೆ ಹೇಗೆ ಹೇಳ್ತೀಯ ಬಿಡು. ನಾನಾಗಿದ್ರೂ ಹೇಳ್ತಿರ್ಲಿಲ್ಲ."

ಅಮ್ಮ ಕೊಟ್ಟ ಕಾಫಿ ಕುಡಿದು ಹೋದಳು. ಶ್ರಾವಣದಲ್ಲಿ ಮದುವೆಯಾಯಿತು. ಗಂಡ ದಾವಣಗೆರೆಯಲ್ಲಿ ಗುಮಾಸ್ತ, ಸಾಧು ಮನುಷ್ಯ. ಹೊರಡುವ ದಿನ ತನ್ನ ರೇಜರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ನಿನ್ನದು ಮೊಂಡು, ಇದರಲ್ಲಿ ಮಾಡು ಎಂದಳು.

ಅದರಲ್ಲೂ ನನಗೆ ಬರಲಿಲ್ಲ. ಎರಡು ವರ್ಷ ಕೆಳಗಿನ ತರಗತಿಯವರ ಮುಂದೆ ನಿಂತು ಹಪ್ಪಳ, ಚಪಾತಿಗಳನ್ನೇ ಹೆಚ್ಚಿ ತೋರಿಸಿದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಒಂದು ಮಧ್ಯಾಹ್ನ ನನಗೂ ಹೊಟ್ಟೆನೋವು ಬಂದು ಮೇಜು ಹಿಡಿದು ನಿಂತಿದ್ದೆ. ಜ್ವರ ಬೀಳುವ ಹುಡುಗಿಗೆ ದೇಹ ತಡೆಯುವುದಿಲ್ಲ ಎಂದಿದ್ದ ಅದೇ ಲೆಕ್ಚರರು ಪಕ್ಕದಲ್ಲೇ ಹಾದು ಹೋದರು. ಅವರಿಗೆ ಏನೂ ತಿಳಿಯಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಎಂ.ಎಸ್ಸಿ. ಮುಗಿಸಿ ಅಲ್ಲೇ ಪಾಠ ಹೇಳಲು ಸೇರಿದೆ. ಕೆಲವು ವರ್ಷದ ಮೇಲೆ ಪ್ರೊಫೆಸರು ರಿಟೈರಾದರು. ಬೀಳ್ಕೊಡುಗೆಯ ಉಪ್ಪಿಟ್ಟು ಕಾಫಿ ಮುಗಿದು, ಎಲ್ಲರೂ ಹೋದ ಮೇಲೆ ಅವರ ಹೂವಿನ ಹಾರ ಹಿಡಿದುಕೊಂಡು ಗೇಟಿನವರೆಗೆ ನಡೆದೆ. ಇನ್ನು ಹೇಳದಿದ್ದರೆ ಎಂದಿಗೂ ಇಲ್ಲ ಎನಿಸಿತು. ಆವತ್ತು ಅವಳಿಗೆ ಜ್ವರ ಇರಲಿಲ್ಲ ಸಾರ್, ಮೂರು ದಿನ ಹೊರಗೆ ಬರುವ ಹಾಗಿರಲಿಲ್ಲ ಎಂದೆ. ವರ್ಷಗಟ್ಟಲೆ ಗಂಟಲಲ್ಲಿದ್ದ ಅದೇ ವಾಕ್ಯ.

ಅವರು ನಿಂತರು.

"ನನ್ನ ಮನೇಲೂ ಹೆಣ್ಮಕ್ಕಳಿದಾರಮ್ಮ. ಆ ಚೀಟಿಗಳನ್ನ ನೋಡಿದ್ರೆ ತಿಳೀತಿರ್ಲಿಲ್ವೆ? ಅದಕ್ಕೇ ಎರಡು ಸಲ ಕೇಳಿದೆ. ನೀನು ಸುಮ್ನೆ ತಲೆ ತಗ್ಗಿಸಿದ್ರೂ ಸಾಕಿತ್ತು, ಹೆಸರು ಕಳಿಸೋದನ್ನ ತಡೆದು ಸೋಮವಾರಕ್ಕೆ ಹಾಕ್ತಿದ್ದೆ. ನೀನು ತುಂಬ ಜ್ವರ ಅಂದ್ಬಿಟ್ಟೆ."

ನನ್ನ ಕೈಯಿಂದ ಹಾರ ತೆಗೆದುಕೊಂಡು ಜಟಕಾ ಹತ್ತಿದರು.

ಆ ವರ್ಷ ಗೌರಿ ಹಬ್ಬಕ್ಕೆ ಅವಳು ದೊಡ್ಡಪ್ಪನ ಮನೆಗೆ ಬಂದಿದ್ದಳು. ಗಾಂಧಿ ಬಜಾರಿನಲ್ಲಿ ಸಿಕ್ಕಳು. ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಬಾಳೆದಿಂಡು. ಬಹಳ ಇಳಿದುಹೋಗಿದ್ದಳು, ಆದರೆ ನಗು ಅದೇ. ಅತ್ತೆ ಮನೆಯಲ್ಲಿ ತನ್ನಷ್ಟು ತೆಳ್ಳಗೆ ದಿಂಡು ಹೆಚ್ಚುವವರಿಲ್ಲ ಎಂದು ಬೀದಿಗೆಲ್ಲ ಹೆಸರಾಗಿದೆ, ಮದುವೆ ಮುಂಜಿಗೆ ಕೋಸಂಬರಿ ಹೆಚ್ಚಲು ತನ್ನನ್ನೇ ಕರೆಯುತ್ತಾರೆ ಎಂದಳು. ತಮಾಷೆ ಮಾಡುತ್ತಲೇ ಹೇಳಿದಳು.

ಪ್ರೊಫೆಸರು ರಿಟೈರಾದರೆಂದು ಹೇಳಿದೆ. ಮುಂದಿನದನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ನೀನು ಅದನ್ನೇ ಕೊರಗ್ತಾ ಇರ್ಬೇಡ್ವೇ. ನಾನು ಎಷ್ಟೋ ಸಲ ಯೋಚ್ನೆ ಮಾಡಿದೀನಿ. ನೀನು ನಿಜ ಹೇಳಿದ್ರೂ ಅವ್ರು ಒಪ್ತಿರ್ಲಿಲ್ಲ. ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ. ಅಲ್ವಾ?"

ಅಷ್ಟು ವರ್ಷ ಅದೊಂದನ್ನೇ ನಂಬಿ ಅವಳು ಸಮಾಧಾನ ಮಾಡಿಕೊಂಡಿದ್ದಳು. ಮಗು ಅವಳ ಸರ ಎಳೆಯುತ್ತಿತ್ತು. ಅವಳು ನನ್ನ ಉತ್ತರಕ್ಕೆ ಕಾಯುತ್ತ ನಿಂತಳು.

"ಹೌದು ಕಣೇ, ಒಪ್ತಿರ್ಲಿಲ್ಲ" ಎಂದೆ.