ಎರಡು ಪೆನ್ನಿನ ಶಾರದವ್ವ

ಶಾರದವ್ವ ಸುಳ್ಳುಗಾತಿ. ಒರಟು ಬಾಯಿಯ ನರ್ಸುಗಳನ್ನು ನಾನು ಸಹಿಸಿಕೊಂಡಿದ್ದೇನೆ, ಮೈಗಳ್ಳರನ್ನು ತಿದ್ದಿದ್ದೇನೆ. ದಾಖಲೆಯಲ್ಲಿ ಸುಳ್ಳು ಬರೆಯುವವರನ್ನು ಮಾತ್ರ ಹೆರಿಗೆ ಕೋಣೆಯಲ್ಲಿ ಇಟ್ಟುಕೊಳ್ಳಬಾರದು.

ಅವಳು ಮುಳಗುಂದದವಳು. ಗದಗಿನಲ್ಲಿ ನರ್ಸಿಂಗ್ ಕಲಿತು, ಇಪ್ಪತ್ತೊಂಬತ್ತು ವರ್ಷ ಹೆರಿಗೆ ಕೋಣೆಗಳಲ್ಲೇ ಕಳೆದು, ಈಗ ಮುಂಡರಗಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದಾಳೆ. ನೋವು ಹಿಡಿದ ಹೆಣ್ಣಿನ ಹೊಟ್ಟೆಗೆ ಅರ್ಧ ಗಂಟೆಗೊಮ್ಮೆ ಕೊಳವೆಯಿಟ್ಟು, ಪೂರ್ತಿ ಒಂದು ನಿಮಿಷ ಕೂಸಿನ ಎದೆಬಡಿತ ಎಣಿಸಿ, ಹಾಳೆಯಲ್ಲಿ ಚುಕ್ಕೆ ಇಡಬೇಕು. ಚುಕ್ಕೆ ಕೆಳಗಿಳಿದರೆ ಕೂಸು ಕಷ್ಟದಲ್ಲಿದೆ ಎಂದರ್ಥ. ಶಾರದವ್ವ ಎಲ್ಲ ಚುಕ್ಕೆಗಳನ್ನೂ ಹೆರಿಗೆಯಾದ ಮೇಲೆ, ಚಹಾ ಕುಡಿಯುತ್ತ, ಒಂದೇ ಸಲ ಇಡುತ್ತಿದ್ದಳು. ಬೇರೆ ಬೇರೆ ಹೊತ್ತಿನಲ್ಲಿ ಬರೆದಂತೆ ಕಾಣಲೆಂದು ಕೆಲವಕ್ಕೆ ನೀಲಿ ಪೆನ್ನು, ಕೆಲವಕ್ಕೆ ಕಪ್ಪು. ಹೊಸದಾಗಿ ಬಂದ ನರ್ಸ್ ಶಾಹಿಸ್ತಾಳಿಗೂ ಅದನ್ನೇ ಕಲಿಸಿದ್ದಳು: "ಸಾಲಾಗಿ ನೂರಾ ನಲವತ್ತ ಬರೀಬ್ಯಾಡಬೇ. ನಡುವ ಒಂದು ನೂರಾ ಮೂವತ್ತಾರು ಹಾಕು, ಖರೆ ಅನಸತೈತಿ."

ಪಾಳಿಗೆ ಒಬ್ಬಳೇ ನರ್ಸ್, ಮೂರು ಮಂಚ ಎಂಬುದು ಅವಳ ಸಬೂಬು. ಸಬೂಬು ನಿಜವೇ. ಆದರೆ ಎಣಿಸಲಾಗಲಿಲ್ಲ ಎಂದು ಬರೆಯಬಹುದಿತ್ತು. ಎಲ್ಲ ಹಾಳೆಗಳೂ ಚೆನ್ನಾಗಿದ್ದುದರಿಂದ ಇನ್ನೊಬ್ಬ ನರ್ಸ್ ಬೇಕೆಂದು ಮೇಲಿನವರಿಗೆ ಎಂದೂ ಅನಿಸಲಿಲ್ಲ.

ಕಳೆದ ಶ್ರಾವಣದಲ್ಲಿ ಮಂಜುಳಾ ಎಂಬ ಹುಡುಗಿ ಚೊಚ್ಚಲ ಹೆರಿಗೆಗೆ ಹಮ್ಮಿಗಿಯ ತವರಿನಿಂದ ಬಂದಳು. ಬೆಳಿಗ್ಗೆ ಹತ್ತಕ್ಕೆ ಶಾರದವ್ವ ಎದೆಬಡಿತ ಕೇಳಿದಳು, ಸರಿಯಾಗಿತ್ತು. ಅಷ್ಟರಲ್ಲಿ ಪಕ್ಕದ ಮಂಚದವಳು ಹೆತ್ತಳು, ರಕ್ತ ನಿಲ್ಲಲಿಲ್ಲ. ವೈದ್ಯ ನಂದೀಶ, ಶಾರದವ್ವ ಇಬ್ಬರೂ ಅವಳಿಗೇ ಅಂಟಿಕೊಂಡರು. ಆಕೆ ಉಳಿದಳು.

ನಡುವೆ ಹನ್ನೆರಡರ ಸುಮಾರಿಗೆ ಮಂಜುಳಾಳ ತಾಯಿ ಫಕ್ಕೀರವ್ವ ಬಂದು, ಹೊಟ್ಟೆಯೊಳಗೆ ಕೂಸು ಆಡವಲ್ದು ಅಂತ ಮಗಳು ಹೇಳುತ್ತಿದ್ದಾಳೆ ಎಂದಳು. ಶಾರದವ್ವ ತಲೆ ಎತ್ತಲಿಲ್ಲ.

"ಹೊಟ್ಯಾಗ ಲೇಜಿಮ್ ಆಡ್ತೈತೇನಬೇ ಅದು? ಹೋಗಿ ಸುಮ್ನ ಕುಂಡ್ರು."

ಒಂದೂವರೆಗೆ ಮಂಜುಳಾಳ ಹೊಟ್ಟೆಗೆ ಕೊಳವೆ ಇಟ್ಟಾಗ ಎದೆಬಡಿತ ಎಂಬತ್ತೆಂಟಕ್ಕೆ ಇಳಿದಿತ್ತು. ಗರ್ಭದ ನೀರು ಹಸಿರಾಗಿತ್ತು, ಅದೂ ಕೂಸು ಕಷ್ಟದಲ್ಲಿರುವ ಗುರುತೇ. ಅಂಬುಲೆನ್ಸ್ ಇನ್ನೊಂದು ಊರಿಗೆ ಹೋಗಿದ್ದು, ಐವತ್ತು ನಿಮಿಷದ ಮೇಲೆ ಬಂತು. ಗದಗಿನ ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎದೆಬಡಿತವೇ ಇರಲಿಲ್ಲ. ಹೆಣ್ಣುಕೂಸು, ಮೂರು ಕಿಲೋ ತೂಕವಿತ್ತು.

ಇಂಥ ಸಾವುಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ನಾನೂ ಇದ್ದೆ. ಅದರಿಂದ ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಶಾರದವ್ವನಿಗೆ ನೋಟಿಸು ಹೋಯಿತು. ಪಾಳಿಗೆ ಎರಡನೇ ನರ್ಸ್ ಬರಲಿಲ್ಲ. ಮಂಚಗಳು ಇವತ್ತಿಗೂ ಮೂರು.

ಸಭೆಯ ದಿನ ಫಕ್ಕೀರವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಸೋಮವಾರದ ಉಪವಾಸ ಮಾಡಿ ಮಂಜುಳಾ ತಾನೇ ಕೂಸನ್ನು ತಿಂದಳೆಂದು ಗಂಡನ ಮನೆಯವರು ಹೇಳುತ್ತಿದ್ದರಂತೆ. ಅವಳನ್ನು ಮರಳಿ ಕರೆಸಿಕೊಳ್ಳಲು ಒಲ್ಲೆ ಎನ್ನುತ್ತಿದ್ದರಂತೆ. ಮುದುಕಿ ನನ್ನನ್ನು ತಡೆದು ಕೇಳಿದ್ದು ಒಂದೇ ಮಾತು: "ನಾ ಹೇಳಾಕ ಬಂದಾಗ ಕೂಸಿನ ಜೀವ ಹೆಂಗಿತ್ತರಿ?"

ಹಾಳೆ ನೋಡಿದರೆ ಗೊತ್ತಾಗಬೇಕಾದ ಸಂಗತಿ ಅದು. ಒಳಗೆ ಹೋಗಿ, ಎರಡು ಬಣ್ಣದ ಚುಕ್ಕೆಗಳನ್ನು ನಿರೀಕ್ಷಿಸಿಯೇ ಕಡತ ತೆರೆದೆ. ಹತ್ತು ಗಂಟೆಗೆ ಒಂದು ಚುಕ್ಕೆ, ಒಂದೂವರೆಗೆ ಒಂದು. ನಡುವಿನ ಆರು ಚೌಕಗಳು ಖಾಲಿ.

ಶಾರದವ್ವನ ಪಕ್ಕ ಕೂತಿದ್ದ ನಂದೀಶ ನನ್ನತ್ತ ಬಗ್ಗಿದ. "ಮೇಡಂ, ಅವತ್ತಿನ ಗಡಿಬಿಡಿಯೊಳಗ ತುಂಬೂದು ಉಳದೈತ್ರಿ. ಸಿಸ್ಟರ್ ಈಗ ತುಂಬಿ ಕೊಡ್ತಾರ."

ಹಾಳೆಯನ್ನೂ ತನ್ನ ಪೆನ್ನನ್ನೂ ಅವಳತ್ತ ಸರಿಸಿದ. ಆರು ಚುಕ್ಕೆ ಬಿದ್ದರೆ ಅದು ಯಾರ ತಪ್ಪೂ ಇಲ್ಲದ, ದಿಢೀರನೆ ಬಂದ ಸಾವು. ಶಾರದವ್ವನಿಗೆ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು.

ಅವಳು ಪೆನ್ನು ತೆಗೆದುಕೊಂಡಳು.

"ಆವಾಗ ನಾ ಕೇಳಿಲ್ಲರಿ," ಎಂದಳು. ಮುಂದೆ ಯಾರೂ ತುಂಬಲಾರದಂತೆ ಆರೂ ಚೌಕಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ತನ್ನ ಹೆಸರು ಬರೆದಳು.