ಗಿರಿಜಕ್ಕನ ಮದ್ದು

ಗಿರಿಜಕ್ಕನಿಗೆ ಅರಳುಮರಳು ಹಿಡಿದಿರಲಿಲ್ಲ; ಕುಡಿತ ಹತ್ತಿತ್ತು. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಅದು ಯಾರಿಗೂ ಹೊಳೆಯಲಿಲ್ಲ, ಪಕ್ಕದ ಬಾಗಿಲಿನ ನನಗೂ.

ಎಪ್ಪತ್ತು ದಾಟಿದ ಮೇಲೂ ಅವಳು ನೀರುದೋಸೆ ಹೊಯ್ಯುವುದನ್ನು ನೋಡಬೇಕಿತ್ತು. ಎರಡು ಕಾವಲಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಾಯಿ ತುಂಬ ಬೈಗುಳ. "ತಿನ್ನು ಮಾರಾಯ್ತಿ, ಇಷ್ಟು ತೆಳ್ಳಗೆ ನಿನ್ನ ಮನೆಯಲ್ಲಿ ದೋಸೆಯೂ ಇಲ್ಲ, ಸೊಸೆಯೂ ಇಲ್ಲ!" ಗಂಡನ ಹೋಟೆಲಿನ ಭಟ್ಟರೇ ಅವಳ ಕೈಗೆ ಹೆದರುತ್ತಿದ್ದರಂತೆ.

ಗಂಡ ಸತ್ತ ಮೇಲೆ ಆ ಕೈ ನಡುಗತೊಡಗಿತು. ಮೂರು ಸಲ ಬಚ್ಚಲಲ್ಲಿ ಬಿದ್ದಳು. ಒಲೆಯ ಮೇಲೆ ಹಾಲಿಟ್ಟು ಮರೆತಳು. ವಯಸ್ಸಾಯಿತು ಎಂದೆವು ಎಲ್ಲರೂ. ಮಗ ಕೆಲಸಕ್ಕೆ ಹೋಗುವಾಗ ಗ್ಯಾಸಿನ ರೆಗ್ಯುಲೇಟರನ್ನೇ ಕಳಚಿ ಬ್ಯಾಗಿಗೆ ಹಾಕಿಕೊಂಡು ಹೋಗತೊಡಗಿದ. "ಒಲೆ ಮುಟ್ಟದೆ ನಾನು ಎಂಥಕ್ಕೆ ಬದುಕುವುದು?" ಎಂದಳು.

ನಮ್ಮ ಗಲ್ಲಿಗೆ ಹೊಸದಾಗಿ ಬಂದ ಡಾಕ್ಟರ್ ಹುಡುಗಿಯ ಬಳಿ ಎಳೆದುಕೊಂಡು ಹೋದೆ. ಅರ್ಧ ಕನ್ನಡ, ಅರ್ಧ ಹಿಂದಿ ಅವಳದು.

"ಅಜ್ಜೀ, ದಾರೂ ಕುಡಿತೀರಾ?"

"ಥೂ! ನಾವು ಅಂಥ ಮನೆಯವರಲ್ಲ!" ನಾನೂ ಉರಿದುಬಿದ್ದೆ.

ಹುಡುಗಿ ಹೆದರಲಿಲ್ಲ. "ಅಚ್ಛಾ. ನಿದ್ದೆಗೆ ಏನು ತಗೊಳ್ತೀರಿ?"

"ಮದ್ದು. ಬ್ರಾಂಡಿಗೆ ಮೊಟ್ಟೆ, ಕಾಳುಮೆಣಸು. ಬಾಣಂತನದಲ್ಲಿ ಅಮ್ಮ ಕೊಟ್ಟದ್ದೇ."

"ಎಷ್ಟು?"

"ಒಂದು ಲೋಟ." ಸೆರಗು ಸರಿಮಾಡಿಕೊಂಡು, "ಎರಡು."

"ಬೆಳಿಗ್ಗೆ?"

"ಕೈ ನಡುಗಿದರೆ ಮಾತ್ರ."

ಹುಡುಗಿ ಪೆನ್ನು ಕೆಳಗಿಟ್ಟಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಹಾಗಾದರೆ ಇವಳ ತಲೆ ಕೆಟ್ಟಿಲ್ಲ! ಇವತ್ತೇ ಆ ಬಾಟಲಿ ಮೋರಿಗೆ ಸುರಿಯುತ್ತೇನೆ!"

"ನಹೀ ಅಜ್ಜೀ! ಒಮ್ಮೆಲೇ ಬಿಟ್ರೆ ಜೀವಕ್ಕೇ ಡೇಂಜರ್. ಮಗನನ್ನು ಕರ್ಕೊಂಡು ಬನ್ನಿ. ಮಾತ್ರೆ ಕೊಟ್ಟು, ನೋಡ್ಕೊಂಡು ಬಿಡಿಸೋಣ."

ಬಿಡಿಸಿದಳು. ಕೆಲವು ತಿಂಗಳಿಗೆ ಕೈಯ ನಡುಕ ನಿಂತಿತು, ರೆಗ್ಯುಲೇಟರು ವಾಪಸು ಬಂತು! ಮತ್ತೆ ನಾಲ್ಕು ವರ್ಷ ಇಡೀ ಮಹಡಿಗೆ ದೋಸೆ ತಿನ್ನಿಸಿ ಬೈದಳು. ಹೋದ ವರ್ಷ ಹಿಟ್ಟು ರುಬ್ಬಿಟ್ಟು ಮಲಗಿದವಳು ಏಳಲಿಲ್ಲ.

ನನಗೆ ಹೆಚ್ಚು ನೆನಪಾಗುವುದು ಮಾತ್ರ ಆ ಮೊದಲ ದಿನದ ದವಾಖಾನೆಯ ಮೆಟ್ಟಿಲು. ಇಳಿಯುವಾಗ ನನ್ನ ತೋಳು ಹಿಡಿದು ಕಿವಿಯಲ್ಲಿ ಹೇಳಿದಳು: "ಮಂಡಿನೋವಿಗೆ ನೀನೂ ತಗೊಳ್ತೀಯಲ್ಲ ಮಾರಾಯ್ತಿ. ನಾನು ಬಾಯಿ ಬಿಡಲಿಲ್ಲ, ನೋಡು."

"ಸುಮ್ಮನೆ ನಡಿ," ಎಂದೆ.

ಮರುದಿನ ಬೆಳಿಗ್ಗೆ ಉಪ್ಪಿನಕಾಯಿ ಭರಣಿಯ ಹಿಂದಿದ್ದ ನನ್ನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ದವಾಖಾನೆಯ ಶಟರ್ ಏಳುವ ಮೊದಲೇ ಹೋಗಿ ನಿಂತೆ.